ಹೊಸ ಟೆಲಿಸ್ಕೋಪ್ ಬಂತಾ? ಮೊದಲು ತೆಂಗಿನ ಮರ ನೋಡಿ

ಕಡಿಮೆ ಬೆಲೆಯ ಟೆಲಿಸ್ಕೋಪ್ ಕೊಂಡು, ನಾಲ್ಕು ರಾತ್ರಿ ಒದ್ದಾಡಿ, ಏನೂ ಕಾಣಲಿಲ್ಲ ಅಂತ ಅಟ್ಟಕ್ಕೆ ಹಾಕಿದವರನ್ನು ತುಂಬಾ ನೋಡಿದ್ದೇನೆ. ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಎಷ್ಟೋ ಸಲ ಟೆಲಿಸ್ಕೋಪ್ ಸರಿಯಾಗಿಯೇ ಇರುತ್ತದೆ, ಹೇಗೆ ಶುರು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ ಅಷ್ಟೇ.

ಇನ್ನೂ ಕೊಂಡಿಲ್ಲವಾದರೆ ಒಂದು ಮಾತು. ಡಬ್ಬದ ಮೇಲೆ 525 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ ಬರೆದಿದ್ದರೆ ನಂಬಬೇಡಿ. ಕನ್ನಡಿಯೋ ಲೆನ್ಸೋ ಎಷ್ಟು ಮಿಲಿಮೀಟರ್ ಅಗಲ ಇದೆಯೋ ಅದರ ಎರಡರಷ್ಟು ಪಟ್ಟು ದೊಡ್ಡದು ಮಾಡಬಹುದು ಅಷ್ಟೇ, ಅದೂ ಗಾಳಿ ಶಾಂತವಾಗಿರುವ ರಾತ್ರಿ. ಅದಕ್ಕಿಂತ ಜಾಸ್ತಿ ಮಾಡಿದರೆ ಬರೀ ಮಸುಕು. ಸ್ಟ್ಯಾಂಡ್ ಇನ್ನೂ ಮುಖ್ಯ. ನನ್ನ ಮೊದಲ 60 ಮಿ.ಮೀ. ಟೆಲಿಸ್ಕೋಪ್‌ಗೆ ಕಡ್ಡಿಯಂಥ ಕಾಲುಗಳಿದ್ದವು, ಫೋಕಸ್ ತಿರುಗಿಸಲು ಕೈ ಇಟ್ಟರೆ ಸಾಕು, ಚಂದ್ರ ಅಲುಗಾಡುವುದು ನಿಲ್ಲುವವರೆಗೆ ಕಾಯಬೇಕಿತ್ತು. ಅದಕ್ಕೇ ಹೇಳುತ್ತೇನೆ, ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ 114 ಅಥವಾ 130 ಮಿ.ಮೀ. ಕನ್ನಡಿಯ ಟೇಬಲ್‌ಟಾಪ್ ಡಾಬ್ಸೋನಿಯನ್ ತಗೊಳ್ಳಿ, ಅಂದರೆ ತಿರುಗುವ ಗಿಡ್ಡ ಪೀಠದ ಮೇಲೆ ಕೂರುವ ಟೆಲಿಸ್ಕೋಪ್. ಇದಕ್ಕೆ ಕಾಲುಗಳೇ ಇಲ್ಲ, ಗಟ್ಟಿ ಸ್ಟೂಲ್ ಮೇಲೆ ಇಟ್ಟರೆ ಆಯಿತು. ಆಕಾಶ ತಿರುಗುವ ದಿಕ್ಕಿನಲ್ಲೇ ತಿರುಗುವ ಈಕ್ವಟೋರಿಯಲ್ ಸ್ಟ್ಯಾಂಡ್ ಸದ್ಯಕ್ಕೆ ಬೇಡ. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಬೇಕು, ಬೆಂಗಳೂರಿನಲ್ಲಿ ಧ್ರುವ ಇರುವುದೇ ಸುಮಾರು 13 ಡಿಗ್ರಿ ಎತ್ತರದಲ್ಲಿ, ಪಕ್ಕದ ಮನೆ ಅಡ್ಡ ಬಂದರೆ ಮುಗಿಯಿತು. ಅಷ್ಟು ದುಡ್ಡು ಇಲ್ವಾ? 10x50 (10 ಪಟ್ಟು, 50 ಮಿ.ಮೀ. ಲೆನ್ಸ್) ಬೈನಾಕ್ಯುಲರ್ ಸಾಕು, ಕೃತ್ತಿಕೆಯ ಗುಂಪು ಅದರಲ್ಲೇ ಬಹಳ ಚೆನ್ನಾಗಿ ಕಾಣುತ್ತದೆ.

ಈಗ ತೆಂಗಿನ ಮರಕ್ಕೆ ಬರೋಣ. ಹಗಲಲ್ಲಿ, ಅರ್ಧ ಕಿಲೋಮೀಟರ್ ಆಚೆಯ ಮರದ ತುದಿಯನ್ನೋ ಮೊಬೈಲ್ ಟವರನ್ನೋ 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಪುಟ್ಟ ಲೆನ್ಸ್) ಹಾಕಿ ಸರಿಯಾಗಿ ಮಧ್ಯಕ್ಕೆ ತನ್ನಿ. ಆಮೇಲೆ ಕೊಳವೆ ಅಲುಗದಂತೆ, ಗುರಿ ಹಿಡಿಯಲು ಅದರ ಮೇಲೆ ಕೂರಿಸಿರುವ ಪುಟ್ಟ ಫೈಂಡರ್‌ನ ಸ್ಕ್ರೂ ತಿರುಗಿಸಿ ಅದರ ಕೆಂಪು ಚುಕ್ಕೆಯೂ ಅದೇ ತುದಿಯ ಮೇಲೆ ಕೂರುವಂತೆ ಮಾಡಿ. ಮರ ತಲೆಕೆಳಗಾಗಿ ಕಂಡರೆ ಗಾಬರಿ ಬೇಡ, ಕನ್ನಡಿ ಟೆಲಿಸ್ಕೋಪ್ ಹಾಗೆಯೇ ತೋರಿಸುವುದು. ಈ ಹತ್ತು ನಿಮಿಷದ ಕೆಲಸ ಬಿಟ್ಟರೆ ರಾತ್ರಿ ಗುರು ಗ್ರಹವನ್ನು ಹುಡುಕುವುದರಲ್ಲೇ ಸುಸ್ತಾಗುತ್ತೀರಿ. ಆದರೆ ಸೂರ್ಯನ ಕಡೆ ಟೆಲಿಸ್ಕೋಪ್ ಯಾವತ್ತೂ ತಿರುಗಿಸಬೇಡಿ, ಒಂದು ಕ್ಷಣ ನೋಡಿದರೂ ಕಣ್ಣು ಹೋಗಬಹುದು. ಮಕ್ಕಳಿದ್ದರೆ ಹಗಲಲ್ಲಿ ಅದನ್ನು ಹೊರಗೆ ಬಿಟ್ಟು ಬರಲೇಬೇಡಿ.

ಐಪೀಸ್ ಲೆಕ್ಕ ಸುಲಭ. ಕೊಳವೆಯ ಮೇಲೆ ಬರೆದಿರುವ ಫೋಕಲ್ ದೂರವನ್ನು ಐಪೀಸ್‌ನ ಸಂಖ್ಯೆಯಿಂದ ಭಾಗಿಸಿ. 650ಕ್ಕೆ 25 ಹಾಕಿದರೆ 26 ಪಟ್ಟು, 10 ಹಾಕಿದರೆ 65 ಪಟ್ಟು. ಹುಡುಕುವುದು ಯಾವಾಗಲೂ 25ರಲ್ಲಿ, ಸಿಕ್ಕಿದ ಮೇಲೆ 10. ಭೂಮಿ ತಿರುಗುತ್ತಲೇ ಇರುತ್ತದಲ್ವಾ, 65 ಪಟ್ಟಿನಲ್ಲಿ ಗ್ರಹ ಮೂರು ನಿಮಿಷದೊಳಗೆ ಆಚೆ ಜಾರುತ್ತದೆ, ಮೆಲ್ಲಗೆ ತಳ್ಳುತ್ತಾ ಇರಬೇಕು.

ಮೊದಲ ತಿಂಗಳು ಚಂದ್ರ. ಗೋಡೆಯ ಕ್ಯಾಲೆಂಡರ್ ತೆಗೆದು ತಿಥಿ ನೋಡಿ, ಶುಕ್ಲ ಪಂಚಮಿಯಿಂದ ದಶಮಿಯವರೆಗಿನ ಸಂಜೆಗಳು ಚಿನ್ನ. ಬೆಳಕು ಕತ್ತಲೆ ಸೇರುವ ಗೆರೆಯ ಉದ್ದಕ್ಕೂ ಬೆಟ್ಟಗಳ ನೆರಳು ಉದ್ದವಾಗಿ ಬಿದ್ದಿರುತ್ತದೆ. ನವಮಿ, ದಶಮಿಯ ಹೊತ್ತಿಗೆ ಕೋಪರ್ನಿಕಸ್ ಎಂಬ ಸುಮಾರು 93 ಕಿ.ಮೀ. ಅಗಲದ ಕುಳಿ ಆ ಗೆರೆಯ ಹತ್ತಿರ ಎದ್ದು ಕಾಣುತ್ತದೆ. ಹುಣ್ಣಿಮೆಯಂದು ನೆರಳೇ ಇರುವುದಿಲ್ಲ, ಬರೀ ಕಣ್ಣು ಕುಕ್ಕುವ ತಟ್ಟೆ.

ಆಮೇಲೆ ಗುರು. ಪಕ್ಕದಲ್ಲಿರುವ ನಾಲ್ಕು ಚುಕ್ಕೆಗಳನ್ನು, ಅಂದರೆ ಗುರುವಿನ ಚಂದ್ರರನ್ನು, ಪುಸ್ತಕದಲ್ಲಿ ಬರೆದುಕೊಳ್ಳಿ, ಮರುದಿನ ಮತ್ತೆ ಬರೆಯಿರಿ. 1610ರ ಜನವರಿ 7ರಿಂದ ಗೆಲಿಲಿಯೋ ಮಾಡಿದ್ದು ಇದನ್ನೇ. ಶನಿಯ ಬಳೆ 2025ರ ಮಾರ್ಚ್‌ನಲ್ಲಿ ನಮಗೆ ಅಂಚಿಗೆ ತಿರುಗಿ ಗೆರೆಯಂತಾಗಿತ್ತು, ಈಗ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಿದೆ.

ನೀಹಾರಿಕೆಗಳನ್ನು, ಅಂದರೆ ಆಕಾಶದ ಅನಿಲ, ಧೂಳಿನ ಮೋಡಗಳನ್ನು ನೋಡಬೇಕಾದರೆ ಅಮಾವಾಸ್ಯೆಯ ಆಸುಪಾಸು ಊರಿಗೆ ಹೋಗಿ. 20 ನಿಮಿಷ ಕತ್ತಲಲ್ಲಿ ಸುಮ್ನೆ ಕೂತಿರಿ, ಮೊಬೈಲ್ ಮುಟ್ಟಬೇಡಿ, ಟಾರ್ಚ್‌ಗೆ ಕೆಂಪು ಬಣ್ಣದ ಕಾಗದ ಸುತ್ತಿ. ಫೋಟೋದ ಬಣ್ಣಗಳು ಕಾಣುವುದಿಲ್ಲ, ಬೂದು ಮೋಡದಂತೆ ಕಾಣುತ್ತದೆ, ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿದರೆ ಇನ್ನೂ ಚೆನ್ನಾಗಿ. ಜನವರಿಯಲ್ಲಿ ಓರಿಯನ್ ನೀಹಾರಿಕೆ. ಮೇ ತಿಂಗಳಲ್ಲಿ ದಕ್ಷಿಣಕ್ಕೆ ತಿರುಗಿ ಒಮೆಗಾ ಸೆಂಟಾರಿ ಹುಡುಕಿ, ಲಕ್ಷಾಂತರ ನಕ್ಷತ್ರಗಳ ದೊಡ್ಡ ಉಂಡೆ ಅದು. ಲಂಡನ್‌ನವರಿಗೆ ಇದು ಉದಯಿಸುವುದೇ ಇಲ್ಲ, ನಮಗೆ ಮನೆಯ ಮಹಡಿಯಿಂದಲೇ ಸಿಗುತ್ತದೆ!

ಜೂನ್ ಬಂದರೆ ನಾಲ್ಕು ತಿಂಗಳು ಮೋಡ. ಐಪೀಸ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿಡಿ, ಮಲೆನಾಡು, ಕರಾವಳಿಯವರು ತಪ್ಪದೇ ಮಾಡಿ, ಬೂಷ್ಟು ಬೇಗ ಹಿಡಿಯುತ್ತದೆ. ಕನ್ನಡಿಯ ಮೇಲೆ ಧೂಳು ಕಂಡರೆ ಬಟ್ಟೆಯಿಂದ ಒರೆಸಬೇಡಿ, ಗೀರು ಬಿದ್ದರೆ ಹೋಗುವುದಿಲ್ಲ; ಸ್ವಲ್ಪ ಧೂಳಿದ್ದರೂ ಚಂದ್ರ ಚೆನ್ನಾಗಿಯೇ ಕಾಣುತ್ತಾನೆ.