ವೀಸಾದ ಆ ಒಂದು ಸಾಲಿಗೆ ಹೆದರಿ ಕೂರಬೇಡಿ: ಇಂಗ್ಲೆಂಡಿಗೆ ಬಂದ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಹೆಣ್ಣುಮಕ್ಕಳು ಈಗ ಇಂಗ್ಲೆಂಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೆಲವರು ನರ್ಸ್ ಕೆಲಸಕ್ಕೆ ಬಂದವರು, ಇನ್ನು ಕೆಲವರು ಗಂಡನ ವೀಸಾದ ಮೇಲೆ ಬಂದವರು. ಹೊಡೆತ ತಿಂದು ಮನೆ ಬಿಟ್ಟವರಿಗೆ ನೆರವಾಗುವ ಸಂಸ್ಥೆಯೊಂದಕ್ಕೆ ನಾನು ಕನ್ನಡ, ತೆಲುಗು ದುಭಾಷಿಯಾಗಿ ಹೋಗುತ್ತೇನೆ. ಬಂದವರೆಲ್ಲ ಒಂದೇ ಕಡೆ ಎಡವುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ತುರ್ತಿಗೆ 999 ಎಂಬುದು ಎಲ್ಲರಿಗೂ ಗೊತ್ತು. ಬಾಯಿ ಬಿಡಲಾಗದ ಸ್ಥಿತಿಯಿದ್ದರೆ ಮೊಬೈಲಿನಿಂದ 999 ಮಾಡಿ, ಕೇಳಿದಾಗ 55 ಒತ್ತಿ. ಅದು ಬಿಟ್ಟರೆ 0808 2000 247 ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಪುಕ್ಕಟೆ. ಕನ್ನಡದ ದುಭಾಷಿ ಬೇಕೆಂದು ಕೇಳಿ. ಹಿಂದಿ ನಡೆಯುತ್ತದಾ ಎಂದರೆ, ಬರದಿದ್ದಲ್ಲಿ ಇಲ್ಲ ಎನ್ನಿ. ಅರ್ಧಂಬರ್ಧ ಹಿಂದಿಯಲ್ಲಿ ಹೇಳಿದ ಮಾತು ದಾಖಲೆಗೆ ತಪ್ಪಾಗಿ ಹೋದರೆ ಮುಂದೆ ಕೋರ್ಟಿನಲ್ಲಿ ನಿಮಗೇ ತೊಂದರೆ.

ಇನ್ನು ಆ ಸಾಲು. ನಮ್ಮವರ ವೀಸಾಗಳಲ್ಲಿ ಸಾಮಾನ್ಯವಾಗಿ ‘ನೋ ಪಬ್ಲಿಕ್ ಫಂಡ್ಸ್’ ಎಂಬ ಷರತ್ತು ಇರುತ್ತದೆ. ಕೊಪ್ಪಳದ ಕಡೆಯ ಹುಡುಗಿಯೊಬ್ಬಳು ನನ್ನ ಹತ್ತಿರ ಹೇಳಿದ್ದು ಹೀಗೆ: ‘ಯಕ್ಕಾ, ಸರಕಾರದ ರೊಕ್ಕ ಮುಟ್ಟಂಗಿಲ್ಲ ಅಂತ ಬರದಾರ. ಪೊಲೀಸರಿಗೆ ಫೋನ್ ಮಾಡಿದ್ರ ವೀಸಾನ ಹೋಗ್ತೈತಂತ, ಇವರು ಹೇಳ್ಯಾರ.’ ಈ ‘ಇವರು ಹೇಳ್ಯಾರ’ ಎಂಬ ಮಾತು ನನಗೆ ಬಾಯಿಪಾಠವಾಗಿದೆ. ಹೊಡೆಯುವವನ ಬಾಯಿಂದಲೇ ಕಾನೂನು ತಿಳಿದುಕೊಂಡು ವರ್ಷಗಟ್ಟಲೆ ಸುಮ್ಮನಿದ್ದವರು ಇದ್ದಾರೆ.

ಆ ಷರತ್ತು ತಡೆಯುವುದು ಒಂದು ನಿಗದಿತ ಪಟ್ಟಿಯಲ್ಲಿರುವ ಸವಲತ್ತುಗಳನ್ನು ಮಾತ್ರ: ಯೂನಿವರ್ಸಲ್ ಕ್ರೆಡಿಟ್ (ಆದಾಯ ಕಡಿಮೆ ಇರುವವರಿಗೆ ಸರಕಾರ ಕೊಡುವ ಹಣ), ಬಾಡಿಗೆಗೆ ಸಿಗುವ ಹೌಸಿಂಗ್ ಬೆನಿಫಿಟ್, ಮಕ್ಕಳಿಗೆಂದು ಸಿಗುವ ಚೈಲ್ಡ್ ಬೆನಿಫಿಟ್, ಕೌನ್ಸಿಲ್ (ಅಂದರೆ ಸ್ಥಳೀಯ ಆಡಳಿತ) ಕೊಡುವ ಮನೆ, ಇಂಥವು. ಪೊಲೀಸ್, ಸಹಾಯವಾಣಿ, ಮಕ್ಕಳ ಶಾಲೆ, ಲೀಗಲ್ ಏಡ್ (ವಕೀಲರ ಖರ್ಚಿಗೆ ಸರಕಾರದ ನೆರವು) ಆ ಪಟ್ಟಿಯಲ್ಲಿಲ್ಲ. ಸರಕಾರಿ ಆಸ್ಪತ್ರೆ ವ್ಯವಸ್ಥೆಯಾದ ಎನ್‌ಎಚ್‌ಎಸ್ ಕೂಡ ಇಲ್ಲ. ಮಗು ಇದ್ದು ಕೈಯಲ್ಲಿ ಕಾಸಿಲ್ಲದಿದ್ದರೆ 1989ರ ಚಿಲ್ಡ್ರನ್ ಆ್ಯಕ್ಟಿನ 17ನೇ ಸೆಕ್ಷನ್ ಅಡಿ ಕೌನ್ಸಿಲ್ಲಿನ ಸೋಷಿಯಲ್ ಸರ್ವೀಸಸ್ ತಂಗುವ ಜಾಗ, ಊಟದ ಖರ್ಚು ಕೊಡಬಹುದು. ಅದೂ ಪಟ್ಟಿಯಲ್ಲಿಲ್ಲ. ಮೊದಲ ಸಲ ಹೋದಾಗ ‘ನಿಮಗೆ ಬರುವುದಿಲ್ಲ’ ಎಂದು ಕಳಿಸಿದರೆ ಆ ಸೆಕ್ಷನ್ ಹೆಸರು ಹೇಳಿ, ಉತ್ತರವನ್ನು ಬರವಣಿಗೆಯಲ್ಲಿ ಕೇಳಿ. ವೀಸಾ ಚಾಲ್ತಿಯಲ್ಲಿದ್ದರೆ ಪೊಲೀಸರಿಗೆ ಫೋನ್ ಮಾಡಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಅವಧಿ ಮುಗಿದಿದ್ದರೆ ಮಾತು ಬೇರೆ. ಪೊಲೀಸರು ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೆ ತಿಳಿಸುವ ಸಾಧ್ಯತೆ ಇರುವುದರಿಂದ, ಜೀವಕ್ಕೆ ಅಪಾಯವಿಲ್ಲದ ಹೊತ್ತಿನಲ್ಲಿ ಮೊದಲು ಸಹಾಯವಾಣಿಗೆ ಕೇಳಿ.

ಈಗ ವೀಸಾ ಕಾರ್ಡ್ ಇಲ್ಲ, ಎಲ್ಲಾ ಇ-ವೀಸಾ. ಅದನ್ನು ತೆರೆಯಲು ಬರುವ ಕೋಡ್ ಹೋಗುವುದು ಖಾತೆಗೆ ಕೊಟ್ಟ ಫೋನಿಗೆ, ಇಮೇಲಿಗೆ. ಬಹಳ ಮನೆಗಳಲ್ಲಿ ಅವೆರಡೂ ಗಂಡನವು. ಇಂದೇ ನೋಡಿ, ನಿಮ್ಮ ಹೆಸರಿಗೆ ಬದಲಾಯಿಸಿ.

ಹಾಗಾದರೆ ರೆಫ್ಯೂಜ್‌ಗಳು, ಅಂದರೆ ಹೊಡೆತ ತಿಂದು ಮನೆ ಬಿಟ್ಟ ಹೆಂಗಸರು ತಂಗುವ ಆಶ್ರಯ ಮನೆಗಳು, ನಮ್ಮವರಿಗೆ ಯಾಕೆ ‘ಜಾಗ ಇಲ್ಲ’ ಅನ್ನುತ್ತವೆ? ಒಳಗಿನ ಲೆಕ್ಕ ಹೀಗಿದೆ. ರೆಫ್ಯೂಜಿನಲ್ಲಿ ಒಂದು ಕೋಣೆಯ ಬಾಡಿಗೆ ಬರುವುದು ಮುಖ್ಯವಾಗಿ ಆ ಹೆಂಗಸಿಗೆ ಸಿಗುವ ಹೌಸಿಂಗ್ ಬೆನಿಫಿಟ್ಟಿನಿಂದ. ಅಲ್ಲಿ ದುಡಿಯುವವರ ಸಂಬಳ ಕೌನ್ಸಿಲ್ ಗುತ್ತಿಗೆಯಿಂದ ಮತ್ತು ದೇಣಿಗೆಯಿಂದ. ನಮ್ಮ ಹುಡುಗಿಗೆ ಆ ಬೆನಿಫಿಟ್ ಇಲ್ಲ, ಅಂದರೆ ಅವಳ ಕೋಣೆಗೆ ಬಾಡಿಗೆ ಕಟ್ಟುವವರೇ ಇಲ್ಲ. 2010ರಿಂದ ಕೌನ್ಸಿಲ್‌ಗಳಿಗೆ ಬರುವ ಹಣ ಕಡಿತವಾಗುತ್ತ ಬಂದು, 2023ರಲ್ಲಿ ಬರ್ಮಿಂಗ್‌ಹ್ಯಾಮಿನಂಥ ದೊಡ್ಡ ಕೌನ್ಸಿಲ್ಲೇ ಬಜೆಟ್ ಸರಿದೂಗಿಸಲಾಗದೆ ಕೈಚೆಲ್ಲಿತು. 2021ರ ಡೊಮೆಸ್ಟಿಕ್ ಅಬ್ಯೂಸ್ ಆ್ಯಕ್ಟ್ ಸುರಕ್ಷಿತ ವಸತಿಯಲ್ಲಿರುವವರಿಗೆ ನೆರವು ಕೊಡಿಸುವುದನ್ನು ಕೌನ್ಸಿಲ್‌ಗಳ ಹೊಣೆ ಮಾಡಿತು. ಆದರೆ ಮನೆಯಲ್ಲೇ ಇದ್ದುಕೊಂಡು ಸಲಹೆ ಪಡೆಯುವವರ ಸೇವೆಗೆ ಅಂಥ ಹೊಣೆ ಹೊರಿಸಲಿಲ್ಲ, ಕತ್ತರಿ ಬೀಳುವುದು ಅಲ್ಲಿ. 2025ರ ಏಪ್ರಿಲ್‌ನಲ್ಲಿ ಉದ್ಯೋಗದಾತರು ಸಂಬಳದ ಮೇಲೆ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ 13.8ರಿಂದ ಶೇ. 15ಕ್ಕೆ ಏರಿದ ಮೇಲೆ ಸಣ್ಣ ಸಂಸ್ಥೆಗಳಿಗೆ ಅದೇ ಗುತ್ತಿಗೆ ಹಣದಲ್ಲಿ ಅಷ್ಟೇ ಜನರನ್ನು ಇಟ್ಟುಕೊಳ್ಳುವುದು ಕಷ್ಟವಾಯಿತು.

ಈಗ ದೊಡ್ಡ ಎಚ್ಚರಿಕೆ. ‘ಮೈಗ್ರಂಟ್ ವಿಕ್ಟಿಮ್ಸ್ ಆಫ್ ಡೊಮೆಸ್ಟಿಕ್ ಅಬ್ಯೂಸ್ ಕನ್ಸೆಷನ್’ ಎಂಬುದೊಂದಿದೆ, ಮನೆಯ ಹಿಂಸೆಗೆ ಸಿಕ್ಕ ವಲಸಿಗರಿಗೆ ಕೊಡುವ ರಿಯಾಯಿತಿ. ಅರ್ಜಿಗೆ ಶುಲ್ಕವಿಲ್ಲ, ಸಿಕ್ಕರೆ ಮೂರು ತಿಂಗಳು ಬೆನಿಫಿಟ್ ಪಡೆಯಬಹುದು, ರೆಫ್ಯೂಜಿನ ಬಾಡಿಗೆಗೂ ದಾರಿಯಾಗುತ್ತದೆ. ಗಂಡ ಬ್ರಿಟಿಷ್ ಪ್ರಜೆ ಅಥವಾ ಇಲ್ಲಿ ಕಾಯಂ ವಾಸಿಯಾಗಿದ್ದರೆ, ಆ ಮೂರು ತಿಂಗಳೊಳಗೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. 2024ರಿಂದ ಕೆಲಸದ ವೀಸಾ, ವಿದ್ಯಾರ್ಥಿ ವೀಸಾದವರ ಹೆಂಡಂದಿರಿಗೂ ಇದನ್ನು ತೆರೆದರು. ಆದರೆ ಅವರಿಗೆ ಮುಂದಿನ ಆ ಕಾಯಂ ವಾಸದ ಬಾಗಿಲು ಇಲ್ಲ. ಈಗಿರುವ ವೀಸಾ ಹೋಗಿ ಅದರ ಜಾಗಕ್ಕೆ ಮೂರು ತಿಂಗಳ ಅನುಮತಿ ಬರುತ್ತದೆ. ಅದು ಮುಗಿದ ಮೇಲೆ ನಿಲ್ಲಲು ನೆಲವಿಲ್ಲ. ಕೆಲಸದ ವೀಸಾಕ್ಕೆ ದಾಟುವ ದಾರಿಯೂ ಮುಚ್ಚಬಹುದು. ನರ್ಸಿಂಗ್ ಓದಿದ ಹುಡುಗಿಯೊಬ್ಬಳು, ಗಂಡ ಸಾಫ್ಟ್‌ವೇರಿನವ, ತನ್ನದೇ ಸ್ಪಾನ್ಸರ್ ಹುಡುಕಿಕೊಳ್ಳಬಲ್ಲವಳು. ಪರಿಚಯದವರೊಬ್ಬರು ಒಳ್ಳೆಯದನ್ನೇ ಬಯಸಿ ರಾತ್ರಿ ಕೂತು ಈ ಫಾರ್ಮ್ ತುಂಬಿ ಕಳಿಸಿಬಿಟ್ಟರು. ಆಮೇಲೆ ವಕೀಲರಿಗೆ ಸುರಿದದ್ದು ಸಾವಿರಾರು ಪೌಂಡ್. ಅಪ್ಪ ಅದಕ್ಕಾಗಿ ಊರಲ್ಲಿ ಹೊಲ ಒತ್ತೆ ಇಟ್ಟರು.

ಆದ್ದರಿಂದ ಫಾರ್ಮಿಗೆ ಕೈ ಹಾಕುವ ಮುಂಚೆ ಸಾಲಿಸಿಟರ್ ಅಥವಾ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿತ ಸಲಹೆಗಾರರನ್ನೇ ಕಾಣಿ. ಇಲ್ಲಿ ನೋಂದಣಿ ಇಲ್ಲದೆ ವಲಸೆ ಸಲಹೆ ಕೊಡುವುದು ಅಪರಾಧ. ಕನ್ನಡ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ಕೇಳಲೇಬೇಡಿ, ಅದರಲ್ಲಿ ಗಂಡನ ಗೆಳೆಯರೂ ಇರುತ್ತಾರೆ.

ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಸಖಿ ಕೇಂದ್ರಕ್ಕೆ ಹೋದ ಹೆಂಗಸನ್ನು ಯಾವ ಬೆನಿಫಿಟ್ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಔಷಧ, ಪೊಲೀಸ್, ವಕೀಲರ ನೆರವು ಒಂದೇ ಸೂರಿನಡಿ ಸಿಗಬೇಕೆಂಬುದೇ ಆ ಯೋಜನೆ. ಈ ವಿಷಯದಲ್ಲಿ ನಮ್ಮ ವ್ಯವಸ್ಥೆಯೇ ಮೇಲು ಎಂದು ನಾನು ನಂಬುತ್ತೇನೆ. ಆದರೆ ಅಲ್ಲಿ ತಂಗಲು ಸಿಗುವುದು ಐದು ದಿನದವರೆಗೆ, ಕೇಂದ್ರ ಎಲ್ಲಿದೆ ಎಂಬುದು ಊರಿಗೆಲ್ಲ ಗೊತ್ತು. ಇಲ್ಲಿನ ರೆಫ್ಯೂಜ್ ವಿಳಾಸ ಗುಟ್ಟಾಗಿರುತ್ತದೆ, ತಿಂಗಳುಗಟ್ಟಲೆ ಇರಬಹುದು. ಒಳಗೆ ಜಾಗ ಸಿಕ್ಕಿದರೆ ಇಲ್ಲಿನದೇ ವಾಸಿ.

ಆ ಜಾಗ ಉಳಿಯಬೇಕಾದರೆ ನಮ್ಮವರೂ ಕೈ ಹಾಕಬೇಕು. 2008ರಲ್ಲಿ ಲಂಡನ್ನಿನ ಈಲಿಂಗ್ ಕೌನ್ಸಿಲ್, ಹಿಂಸೆಗೆ ಸಿಕ್ಕ ಹೆಂಗಸರಿಗೆ ನೆರವಾಗುವ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಸ್ಥೆಯ ಅನುದಾನ ನಿಲ್ಲಿಸಲು ಹೊರಟಾಗ ಹೆಂಗಸರು ಹೈಕೋರ್ಟಿಗೆ ಹೋಗಿ ಕೌನ್ಸಿಲ್ ಹಿಂದೆ ಸರಿಯುವಂತೆ ಮಾಡಿದರು. ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ಹಳೇ ಸೀರೆ, ಆಟಿಕೆ ಒಟ್ಟುಮಾಡಿ ಕೊಡುತ್ತವೆ. ಅದನ್ನು ವಿಂಗಡಿಸಲು ರೆಫ್ಯೂಜ್ ನಡೆಸುವ ಸಂಸ್ಥೆಗಳಲ್ಲಿ ಜನ ಇಲ್ಲ. ತಿಂಗಳಿಗೆ ಐದು ಪೌಂಡ್ ಆದರೂ ಸರಿ, ಬ್ಯಾಂಕಿನಿಂದ ತಾನಾಗಿ ಹೋಗುವ ಹಾಗೆ ಮಾಡಿ. ‘ಇಂಥದ್ದಕ್ಕೇ ಬಳಸಿ’ ಎಂದು ಕಟ್ಟು ಹಾಕಬೇಡಿ. ಬೆನಿಫಿಟ್ ಇಲ್ಲದವಳ ಬಾಡಿಗೆ ಕಟ್ಟುವುದು ಅಂಥ ಕಟ್ಟಿಲ್ಲದ ಹಣದಿಂದಲೇ. ಇಲ್ಲಿ ತೆರಿಗೆ ಕಟ್ಟುವವರಾದರೆ ಗಿಫ್ಟ್ ಏಡ್ ಗುರುತು ಹಾಕಿ, ಪೌಂಡಿಗೆ 25 ಪೆನ್ಸ್ ಸರಕಾರ ಸೇರಿಸುತ್ತದೆ.

ಊರಲ್ಲಿರುವ ತಂದೆ ತಾಯಿಯರಿಗೂ ಒಂದು ಮಾತು. ಅಳಿಯ ಹಬ್ಬಕ್ಕೆಂದು ಕರೆತಂದು, ಪಾಸ್‌ಪೋರ್ಟ್ ಕಸಿದುಕೊಂಡು ಮಗಳನ್ನು ತವರಲ್ಲಿ ಬಿಟ್ಟು ಹೋದರೆ ‘ಅವಳ ಹಣೆಬರಹ’ ಎಂದು ಕೂರಬೇಡಿ. ಅಳಿಯ ಬ್ರಿಟಿಷ್ ಪ್ರಜೆ ಅಥವಾ ಕಾಯಂ ವಾಸಿಯಾಗಿದ್ದು, ಮಗಳು ಅವನ ಪತ್ನಿಯಾಗಿ ವೀಸಾ ಪಡೆದಿದ್ದರೆ, 2024ರ ಜನವರಿ 31ರಿಂದ ಭಾರತದಲ್ಲಿದ್ದೇ ಮರಳಲು ಅರ್ಜಿ ಹಾಕಬಹುದು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಮನೆಯ ಹಿಂಸೆಯ ದೂರು ನೋಡುವ ಸಂರಕ್ಷಣಾಧಿಕಾರಿಗೆ ದೂರು ಬರೆದುಕೊಟ್ಟು ಪ್ರತಿ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಮತ್ತು ವೀಸಾದ ಪುಟಗಳ ಫೋಟೊ, ಬಂದ ವಿಮಾನದ ಟಿಕೆಟ್, ಅವನು ಕಳಿಸಿದ ಸಂದೇಶಗಳು, ಎಲ್ಲವನ್ನೂ ನಿಮ್ಮ ಫೋನಿನಲ್ಲಿ ಮೊದಲೇ ತರಿಸಿಟ್ಟುಕೊಳ್ಳಿ.