ತುಂಗೆಯಿಂದ ಡ್ಯಾನ್ಯೂಬ್‌ಗೆ: ಮಗುವಿನ ಜೊತೆ ಸೈಕಲ್ ಪ್ರವಾಸ ಹೋಗುವುದು ಹೇಗೆ?

"ಅಮ್ಮಾ, ಇಲ್ಲಿ ಘಾಟಿನೇ ಇಲ್ವಾ?" ಆಸ್ಟ್ರಿಯಾದ ಹೊಳೆದಂಡೆಯಲ್ಲಿ ಸೈಕಲ್ ತುಳಿಯುತ್ತಾ ಹತ್ತು ವರ್ಷದ ಮಗಳು ಕೇಳಿದಳು. ತೀರ್ಥಹಳ್ಳಿ ಕಡೆಯವರಿಗೆ ಏರಿಲ್ಲದ ರಸ್ತೆ ಕಂಡರೆ ಅನುಮಾನವೇ. ಅವಳನ್ನು ಕರೆದುಕೊಂಡು ಹೋಗಿ ಬಂದ ಮೇಲೆ ಊರಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ಹೇಗೆ ಮಾಡಿದ್ರಿ? ಇಲ್ಲಿದೆ.

1. ಹೊಳೆ ಜೊತೆ ಹೋಗುವ ದಾರಿ ಹಿಡಿಯಿರಿ

ಮಗು ಜೊತೆಗಿದ್ದರೆ ಬೆಟ್ಟ ಬೇಡ. ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿಗುಂಟ ಸುಮಾರು 320 ಕಿ.ಮೀ. ಸೈಕಲ್ ದಾರಿ ಇದೆ. ಫಲಕಗಳಲ್ಲಿ 'ಡೊನಾವ್‌ರಾಡ್‌ವೆಗ್' ಎಂದಿರುತ್ತದೆ. ಡೊನಾವ್ ಎಂದರೆ ಡ್ಯಾನ್ಯೂಬ್, ರಾಡ್ ಎಂದರೆ ಸೈಕಲ್, ವೆಗ್ ಎಂದರೆ ದಾರಿ. ಹೆಚ್ಚಿನ ಕಡೆ ಕಾರು ಲಾರಿಗಳ ಕಾಟವಿಲ್ಲ. ಪಶ್ಚಿಮದಿಂದ ಪೂರ್ವಕ್ಕೇ ಹೋಗಿ. ನೀರು ಹರಿಯುವ ದಿಕ್ಕೂ ಅದೇ, ಗಾಳಿಯೂ ಸಾಮಾನ್ಯವಾಗಿ ಬೆನ್ನಿಗೆ. ಪಸ್ಸಾವ್ ನಮ್ಮ ಕೂಡ್ಲಿಯ ಹಾಗೆಯೇ ಸಂಗಮದ ಊರು. ಕೂಡ್ಲಿಯಲ್ಲಿ ಎರಡು ಹೊಳೆ, ಅಲ್ಲಿ ಮೂರು: ಡ್ಯಾನ್ಯೂಬ್, ಇನ್, ಇಲ್ಜ್.

ನಮ್ಮ ಮಕ್ಕಳಿಗೆ ರಜೆ ಇರುವ ಮೇ ತಿಂಗಳು ಅಲ್ಲಿಗೂ ಒಳ್ಳೆಯ ಕಾಲ.

2. ಕಾಗದಪತ್ರ

ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕು. ಹೊರಡುವುದು ಜರ್ಮನಿಯಿಂದಲೇ ಆದರೂ ಹೆಚ್ಚು ರಾತ್ರಿ ತಂಗುವುದು ಆಸ್ಟ್ರಿಯಾದಲ್ಲಿ, ಹಾಗಾಗಿ ಆಸ್ಟ್ರಿಯಾಕ್ಕೇ ಅರ್ಜಿ. 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45 ಯೂರೋ. ಕನಿಷ್ಠ 30,000 ಯೂರೋ ರಕ್ಷಣೆ ಇರುವ ಪ್ರಯಾಣ ವಿಮೆ ಮಾಡಿಸಿ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರೇ ಹೊರಟರೆ ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ಮರೆಯಬೇಡಿ.

3. ಮನೆಯಲ್ಲೇ ತಾಲೀಮು

ಮೂರು ತಿಂಗಳು ಮೊದಲೇ ಶುರು ಮಾಡಿ. ಶಿವಮೊಗ್ಗದವರಾದರೆ ಭಾನುವಾರ ಬೆಳಿಗ್ಗೆ, ಬಸ್ಸುಗಳ ಓಡಾಟ ಜಾಸ್ತಿಯಾಗುವ ಮುಂಚೆ, ಆನೆ ಬಿಡಾರವಿರುವ ಸಕ್ರೆಬೈಲಿಗೆ ಹೋಗಿ ಬನ್ನಿ. ಹೋಗಿ ಬರುವುದು ಸೇರಿ ಸುಮಾರು 28 ಕಿ.ಮೀ. ಕೊನೆಯಲ್ಲಿ ಆನೆ ಸಿಗುತ್ತದೆ ಎಂದರೆ ಮಕ್ಕಳ ಕಾಲಿಗೆ ತಾನಾಗಿ ಶಕ್ತಿ ಬರುತ್ತದೆ.

ಜರ್ಮನಿ, ಆಸ್ಟ್ರಿಯಾದಲ್ಲಿ ರಸ್ತೆಯ ಬಲಬದಿಗೆ ಹೋಗಬೇಕು. ಇದನ್ನು ನಮ್ಮ ರಸ್ತೆಯಲ್ಲಿ ಅಭ್ಯಾಸ ಮಾಡಲು ಹೋಗಬೇಡಿ ಮತ್ತೆ! ನಾವು ಅಡಿಕೆ ಒಣಹಾಕುವ ಅಂಗಳದಲ್ಲಿ ರಂಗೋಲಿ ಪುಡಿಯಿಂದ ರಸ್ತೆ, ಸರ್ಕಲ್ ಎಲ್ಲ ಬರೆದೆವು. ಎದುರಿನಿಂದ ಬರುವ ಲಾರಿ ಅಜ್ಜ. ಮಗಳು ಎರಡು ದಿನದಲ್ಲಿ ಕಲಿತಳು, ನನಗೆ ವಾರ ಬೇಕಾಯಿತು.

4. ಸೈಕಲ್ ಅಲ್ಲೇ ಬಾಡಿಗೆಗೆ

ಪಸ್ಸಾವ್‌ನಲ್ಲಿ ತೆಗೆದುಕೊಂಡು ವಿಯೆನ್ನಾದಲ್ಲಿ ವಾಪಸ್ ಕೊಡುವ ಅನುಕೂಲ ಇದೆ. ಮಗುವಿನ ವಯಸ್ಸಿನ ಬದಲು ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಹೇಳಿ. ಆಸ್ಟ್ರಿಯಾದಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ.

ಬ್ರೇಕ್ ಬಗ್ಗೆ ಮಾತ್ರ ಕೇಳಿಯೇ ತಿಳಿದುಕೊಳ್ಳಿ. ಅಲ್ಲಿನ ಎಷ್ಟೋ ಸೈಕಲ್‌ಗಳಲ್ಲಿ ಪೆಡಲನ್ನು ಹಿಂದಕ್ಕೆ ಒತ್ತಿದರೆ ಬ್ರೇಕ್ ಬೀಳುತ್ತದೆ. ನಮ್ಮ ಮಕ್ಕಳಿಗೆ ಸುಮ್ನೆ ಹಿಂದಕ್ಕೆ ತಿರುಗಿಸಿ ಟಿಕ್ ಟಿಕ್ ಶಬ್ದ ಮಾಡುವ ಚಾಳಿ ಅಲ್ವಾ? ಅಂಗಡಿಯಿಂದ ಹೊರಬಿದ್ದು ನೂರು ಹೆಜ್ಜೆ ಆಗಿರಲಿಲ್ಲ, ಇವಳು ಹಾಗೆ ಮಾಡಿದಳು. ಸೈಕಲ್ ಗಕ್ಕನೆ ನಿಂತಿತು. ಮೊಣಕೈ ತರಚಿತು. ಹತ್ತು ನಿಮಿಷ ಖಾಲಿ ಜಾಗದಲ್ಲಿ ಓಡಿಸಿ ನೋಡಿ, ಆಮೇಲೆ ಹೊರಡಿ.

5. ದಿನಕ್ಕೆ ಎಷ್ಟು ದೂರ?

ನಾನು ಎಡವಿದ್ದು ಇಲ್ಲೇ. ಏಳು ದಿನದಲ್ಲಿ ಮುಗಿಸುವವರ ಕಥೆ ಕೇಳಿ, ಎರಡನೇ ದಿನಕ್ಕೆ 58 ಕಿ.ಮೀ. ಇಟ್ಟಿದ್ದೆ. 41ಕ್ಕೆ ಮಗಳು ಸೈಕಲ್ ಮಲಗಿಸಿ ಹುಲ್ಲಿನ ಮೇಲೆ ಕೂತಳು. ಅಳಲಿಲ್ಲ, ಮಾತೂ ಆಡಲಿಲ್ಲ. "ಬಾ ಪುಟ್ಟಿ, ಇನ್ನು ಸ್ವಲ್ಪ" ಎಂದರೆ ಮುಖ ತಿರುಗಿಸಿದಳು. ಹತ್ತಿರದ ಸ್ಟೇಷನ್ನಿಗೆ ತಳ್ಳಿಕೊಂಡು ಹೋಗಿ ರೈಲು ಹತ್ತಿದೆವು. ತಪ್ಪು ನನ್ನದೇ.

ಮರುದಿನದಿಂದ 30 ಕಿ.ಮೀ. ಆಸುಪಾಸು. ಬೆಳಿಗ್ಗೆ 20, ಊಟ, ಮರದಡಿ ನಿದ್ದೆ, ಸಂಜೆ ಉಳಿದದ್ದು. ನಕ್ಷೆ ಅವಳ ಕೈಗೆ ಕೊಟ್ಟೆ. ಎಲ್ಲಿ ನಿಲ್ಲಬೇಕು ಅನ್ನುವುದು ಅವಳದೇ ಲೆಕ್ಕ. ಬಸವನಹುಳ ಕಂಡಲ್ಲೆಲ್ಲ ನಿಂತೆವು, ಹೋಗಲಿ ಬಿಡಿ. ಹತ್ತು ದಿನದ ಜೊತೆಗೆ ಇನ್ನೊಂದೆರಡು ದಿನ ಕೈಯಲ್ಲಿಟ್ಟುಕೊಳ್ಳಿ.

ಎರಡು ಕಡೆ ಮಾತ್ರ ಅವಸರ ಮಾಡಬೇಡಿ. ಒಂದು, ಶ್ಲೋಗನ್. ಅಲ್ಲಿ ನದಿ ಬೆಟ್ಟಕ್ಕೆ ಸುತ್ತುಹಾಕಿ ಬಂದ ದಿಕ್ಕಿಗೇ ತಿರುಗುತ್ತದೆ. ಸೈಕಲ್ ಸಮೇತ ದಾಟಿಸುವ ಚಿಕ್ಕ ದೋಣಿಗಳಿವೆ. ಸೇತುವೆಯಾಗುವ ಮುಂಚೆ ಸಿಗಂದೂರಿನ ಲಾಂಚ್‌ನಲ್ಲಿ ಬಸ್ಸೇ ದಾಟಿದ್ದು ನೋಡಿದ್ದ ಮಗಳಿಗೆ ಇದು "ಮರಿ ಲಾಂಚ್". ಇನ್ನೊಂದು, ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಖಾವ್ ಕಣಿವೆ. 2000ದಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಜಾಗ, ದ್ರಾಕ್ಷಿ ಮತ್ತು ಏಪ್ರಿಕಾಟ್ ತೋಟಗಳ ಊರುಗಳು. ಹಣ್ಣು ಜುಲೈಗೆ, ಮೇನಲ್ಲಿ ಜಾಮ್. ಒಳಗೆ ಇಡೀ ಏಪ್ರಿಕಾಟ್ ಇಟ್ಟು ಬೇಯಿಸಿದ ಸಿಹಿ ಉಂಡೆ ಸಿಕ್ಕರೆ ಬಿಡಬೇಡಿ. ಕಡುಬಿನ ದೂರದ ನೆಂಟ.

6. ಬ್ಯಾಗು, ಬುತ್ತಿ

ಕ್ಯಾರಿಯರ್‌ನ ಎರಡೂ ಬದಿ ಇಳಿಬಿಡುವ ಬ್ಯಾಗು ಸಾಕು. ಭಾರ ನಿಮ್ಮದರಲ್ಲಿ, ಮಗುವಿನದರಲ್ಲಿ ಮಳೆಕೋಟು ಮತ್ತು ನೀರು. ಮಲೆನಾಡಿನವರು ಮಳೆಗೆ ಹೆದರುವುದಿಲ್ಲ ನಿಜ, ಆದರೆ ಅಲ್ಲಿ ಒದ್ದೆ ಕಾಲುಚೀಲ ಒಣಗಿಸಲು ಬಚ್ಚಲೊಲೆ ಇರುವುದಿಲ್ಲ. ಮೂರು ಜೊತೆ ಒಯ್ಯಿರಿ.

ಅವಲಕ್ಕಿ, ಚಟ್ನಿಪುಡಿ ಇರಲಿ. ತುಪ್ಪ, ಪೇಡ ಬೇಡ: ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಭಾನುವಾರ ಅಂಗಡಿಗಳು ಹೆಚ್ಚುಕಮ್ಮಿ ಎಲ್ಲ ಮುಚ್ಚಿರುತ್ತವೆ, ಶನಿವಾರವೇ ಬ್ರೆಡ್ಡು ಬಾಳೆಹಣ್ಣು ಕೊಂಡಿಡಿ. ಮೆನುವಿನಲ್ಲಿ 'ರಾಡ್ಲರ್' ಕಂಡರೆ ಸೈಕಲ್‌ನವರ ಶರಬತ್ತು ಎಂದು ಮಗುವಿಗೆ ಹೇಳಬೇಡಿ. ಹೆಸರಿನ ಅರ್ಥ ಸೈಕಲ್ ಸವಾರ ಎಂದೇ, ಆದರೆ ಒಳಗಿರುವುದು ಬಿಯರ್.

ವಿಯೆನ್ನಾ ಹತ್ತಿರ ಬಂದಂತೆ ಜನ ಜಾಸ್ತಿ. ಮಗು ದಣಿದಿದ್ದರೆ ಟುಲ್ನ್‌ನಿಂದ ರೈಲು ಹತ್ತಿ, ಪೂರ್ತಿ ಯಾಕೆ ತುಳಿಯಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಸೈಕಲ್ ವಾಪಸ್ ಕೊಡುವ ಮುಂಚೆ ಬಾಡಿಗೆ ಬ್ಯಾಗಿನ ತಳ ತಡವಿ ನೋಡಿ. ನಮ್ಮ ಚಟ್ನಿಪುಡಿ ಡಬ್ಬಿ ಅಲ್ಲೇ ಉಳಿಯಿತು.