ಸೆಖೆಯ ಊರಲ್ಲಿ ಪಾವ್: ಗಡಿಯಾರ ಬಿಡಿ, ಹಿಟ್ಟು ನೋಡಿ

ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವ ಮೊದಲೇ ಪಾತ್ರೆಯಿಂದ ಉಕ್ಕುತ್ತದೆ, ಅಲ್ವಾ? ಯೀಸ್ಟ್ ಹಾಕಿದ ಹಿಟ್ಟೂ ಹಾಗೆಯೇ. ಚಳಿಯ ಊರಿನವರು ಬರೆದಿಟ್ಟ ‘ಒಂದೂವರೆ ಗಂಟೆ ಬಿಡಿ’ ಎಂಬ ಮಾತು ನಮ್ಮ ಸೆಖೆಗೆ ಹೊಂದುವುದಿಲ್ಲ. ಅದನ್ನು ನಂಬಿ ಕೂತು ನಾನು ಎರಡು ಸಲ ಹುಳಿ ವಾಸನೆಯ, ಚಪ್ಪಟೆ ಪಾವ್ ತೆಗೆದಿದ್ದೇನೆ.

ಯೀಸ್ಟ್ ಜೀವ ಇರುವ ವಸ್ತು. ಅಣಬೆಯ ದೂರದ ನೆಂಟ, ಆದರೆ ಒಂದೇ ಜೀವಕೋಶದ್ದು. ಮೈದಾಕ್ಕೆ ನೀರು ತಾಗಿದರೆ ಅದರ ಪಿಷ್ಟ ಸ್ವಲ್ಪ ಸ್ವಲ್ಪವೇ ಸಕ್ಕರೆಯಾಗುತ್ತದೆ. ಯೀಸ್ಟ್ ಅದನ್ನು ತಿಂದು ಇಂಗಾಲದ ಡೈಆಕ್ಸೈಡ್ ಮತ್ತು ಒಂದಿಷ್ಟು ಆಲ್ಕೋಹಾಲ್ ಬಿಡುತ್ತದೆ. ಆ ಡೈಆಕ್ಸೈಡ್ ಗಾಳಿಯಿಂದಲೇ ಹಿಟ್ಟು ಉಬ್ಬುವುದು. ಇಲ್ಲಿನ ಕ್ಯಾಥೋಲಿಕ್ ಮನೆಗಳಲ್ಲಿ ಸಾನ್ನಾಂ (ಇಡ್ಲಿಯಂಥ ಹಬೆಯ ತಿಂಡಿ) ಹಿಟ್ಟಿಗೆ ಕಳ್ಳು ಬೆರೆಸುವುದೂ ಇದಕ್ಕೇ. ಕಳ್ಳಿನಲ್ಲಿ ಯೀಸ್ಟ್ ತಾನಾಗಿಯೇ ಇರುತ್ತದೆ. ನಮ್ಮ ಬಾಳೆಹಣ್ಣಿನ ಬನ್ಸ್ ಮಾತ್ರ ಸೋಡಾದಿಂದ ಉಬ್ಬುವಂಥದ್ದು.

ಹನ್ನೆರಡು ಪಾವ್‌ಗೆ 500 ಗ್ರಾಂ ಮೈದಾ, 20 ಗ್ರಾಂ ಸಕ್ಕರೆ, 8 ಗ್ರಾಂ ಉಪ್ಪು, 25 ಗ್ರಾಂ ಬೆಣ್ಣೆ, 300 ಮಿ.ಲೀ. ನೀರು ಬೇಕು. ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ. ಬೇಸಿಗೆಯಾದರೆ 4 ಗ್ರಾಂ, ಅಂದರೆ ಒಂದೂಕಾಲು ಟೀ ಚಮಚ, ಸಾಕು. ನೀರು ಬೆಚ್ಚಗಿರಬೇಕು ಎನ್ನುವವರಿದ್ದಾರೆ. ಬೇಸಿಗೆಯಲ್ಲಿ ನಾನು ಮಡಕೆಯ ನೀರನ್ನೇ ಹಾಕುತ್ತೇನೆ. ಮಳೆಗಾಲದಲ್ಲಿ ಮೈದಾವೇ ತೇವ ಹೀರಿರುತ್ತದೆ, ಹಾಗಾಗಿ 20 ಮಿ.ಲೀ. ನೀರು ಹಿಂದಿಟ್ಟು ನೋಡಿಕೊಂಡು ಸೇರಿಸಿ.

ಮೊದಲು ಮೈದಾ, ಸಕ್ಕರೆ, ಯೀಸ್ಟ್ ಬೆರೆಸಿ. ಉಪ್ಪು ಆಮೇಲೆ. ಉಪ್ಪು ಯೀಸ್ಟಿನ ನೀರು ಎಳೆದುಕೊಂಡು ಅದರ ಕೆಲಸ ನಿಧಾನ ಮಾಡುತ್ತದೆ. ಸಕ್ಕರೆ ಜಾಸ್ತಿಯಾದರೂ ಅಷ್ಟೇ. ನೀರು ಹಾಕಿ ಕಲಸಿ, ಬೆಣ್ಣೆ ಸೇರಿಸಿ, ಹತ್ತು ನಿಮಿಷ ಚೆನ್ನಾಗಿ ನಾದಿ. ಇಲ್ಲಿ ಮಾತ್ರ ಸೋಮಾರಿತನ ಬೇಡ. ನಾದಿದಾಗ ಮೈದಾದ ಗ್ಲುಟನ್ ಎಂಬ ಅಂಟು ಪ್ರೋಟೀನ್ ಬಲೆಯಂತೆ ಹೆಣೆದುಕೊಳ್ಳುತ್ತದೆ. ಯೀಸ್ಟ್ ಎಷ್ಟು ಗಾಳಿ ಬಿಟ್ಟರೂ ಹಿಡಿದಿಡುವ ಬಲೆ ಇಲ್ಲದಿದ್ದರೆ ಪಾವ್ ಏಳುವುದಿಲ್ಲ. ಚೂರು ಹಿಟ್ಟು ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಹರಿಯದೆ, ತೆಳುವಾಗಿ ಬೆಳಕು ಕಂಡರೆ ಹದ ಬಂದಿದೆ.

ಒದ್ದೆ ಬಟ್ಟೆ ಮುಚ್ಚಿಡಿ. ಸೆಖೆಯಲ್ಲಿ 40 ನಿಮಿಷ ಆದಕೂಡಲೇ ಇಣುಕಿ. ಎರಡರಷ್ಟಾಗಿದ್ದರೆ ಬೆರಳಿಗೆ ಒಣ ಮೈದಾ ಸವರಿ ಚುಚ್ಚಿ. ಗುಳಿ ಹಾಗೇ ಉಳಿದರೆ ಆಯ್ತು. ಥಟ್ಟನೆ ಮುಚ್ಚಿಕೊಂಡರೆ ಇನ್ನೂ ಸ್ವಲ್ಪ ಕಾಯಿರಿ. ಆಮೇಲೆ ಮೆಲ್ಲಗೆ ಒತ್ತಿ ಗಾಳಿ ತೆಗೆದು, ಉಂಡೆ ಮಾಡಿ ತಟ್ಟೆಯಲ್ಲಿ ಒಂದಕ್ಕೊಂದು ತಾಗಿ ತಾಗದಂತೆ ಜೋಡಿಸಿ. ಎರಡನೇ ಸಲ ಅರ್ಧ ಗಂಟೆ ಸಾಕು. ಪೂರ್ತಿ ಉಬ್ಬುವ ತನಕ ಕಾಯಬೇಡಿ, ಓವನ್ನಿನಲ್ಲಿ ಏಳಲು ಒಂದಿಷ್ಟು ಶಕ್ತಿ ಉಳಿದಿರಲಿ.

ಓವನ್ 200 ಡಿಗ್ರಿಗೆ ಮೊದಲೇ ಕಾದಿರಬೇಕು, 18ರಿಂದ 20 ನಿಮಿಷ ಬೇಯಿಸಿ. ಮೊದಲ ಕೆಲವು ನಿಮಿಷ ಯೀಸ್ಟ್ ಇನ್ನೂ ಚುರುಕಾಗುತ್ತದೆ, ಗಾಳಿಯೂ ಹಿಗ್ಗುತ್ತದೆ. ಪಾವ್ ಕಣ್ಣೆದುರೇ ಏಳುತ್ತದೆ! ಹಿಟ್ಟಿನ ಒಳಗೆ ಬಿಸಿ 55-60 ಡಿಗ್ರಿ ಮುಟ್ಟಿದಾಗ ಯೀಸ್ಟ್ ಸಾಯುತ್ತದೆ. ಆಲ್ಕೋಹಾಲ್ ಬಹುಮಟ್ಟಿಗೆ ಆವಿಯಾಗಿ ಹೋಗುತ್ತದೆ.

ಹೊರತೆಗೆದು ಬಿಸಿಯಲ್ಲೇ ಬೆಣ್ಣೆ ಸವರಿ. ಉಳಿದ ಯೀಸ್ಟನ್ನು ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ, ನಮ್ಮ ಕಡೆಯ ತೇವಕ್ಕೆ ಹೊರಗಿಟ್ಟರೆ ಬೇಗ ಕೆಡುತ್ತದೆ. ಹಳೆಯದಾಗಿದ್ದರೆ ಉಗುರು ಬೆಚ್ಚಗಿನ ಸಕ್ಕರೆ ನೀರಿಗೆ ಒಂದು ಚಮಚ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಬರದಿದ್ದರೆ ಹೊಸದು ತನ್ನಿ.